ಬಿಸಿಯಾದರೆ ಹೇಳಿ

ನನ್ನ ಗಂಡನ ಬಲಗಾಲಿನ ಹೆಬ್ಬೆರಳಿನ ಉಗುರು ಯಾವಾಗ ಹಳದಿಗೆ ತಿರುಗಿತು ಎಂದು ನಮ್ಮಿಬ್ಬರಿಗೂ ಸರಿಯಾಗಿ ಗೊತ್ತಿಲ್ಲ. ಕಾಲಿನ ಉಗುರನ್ನು ಅಷ್ಟು ಗಮನಿಸುವವರು ಯಾರು? ಇವರು ಉಡುಪಿಯಿಂದ ಕಾರ್ಕಳಕ್ಕೆ ಓಡುವ ಒಂದು ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ಬೆಳಕು ಹರಿಯುವ ಮೊದಲೇ ಮನೆಯಿಂದ ಹೊರಟರೆ ನಾನು ದೇವರಿಗೆ ದೀಪ ಇಟ್ಟ ಮೇಲೆಯೇ ತಿರುಗಿ ಬರುವುದು. ನಾನು ಹಿರಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ ಒಂದು ಅಂಗನವಾಡಿಯಲ್ಲಿ ಟೀಚರ್. ಮನೆಯೂ ಅಲ್ಲೇ ಹತ್ತಿರ. ಒಬ್ಬಳೇ ಮಗಳನ್ನು ಕಾಪುವಿಗೆ ಮದುವೆ ಮಾಡಿ ಕೊಟ್ಟಿದ್ದೇವೆ.

ಇವರು ಬರಿಗಾಲಿನಲ್ಲೇ ಬಸ್ ಓಡಿಸುತ್ತಿದ್ದರು. ಸೀಟಿಗೆ ಹತ್ತಿದ ಕೂಡಲೇ ಚಪ್ಪಲಿ ಕಳಚಿ ಹಿಂದಕ್ಕೆ ತಳ್ಳುವುದು, ಬೆನ್ನಿಗೆ ಒಂದು ಟವೆಲ್ ಇಟ್ಟುಕೊಳ್ಳುವುದು, ಮೇಲೆ ಇಟ್ಟ ದೇವರ ಫೋಟೋ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವುದು. ಆಮೇಲೆಯೇ ಬಸ್ಸು ಹೊರಡುವುದು. ನಮ್ಮ ಕಡೆಯ ಬಸ್ಸುಗಳದ್ದು ನಿಮಿಷದ ಓಟ. ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವರು ಬಂದು ಜಗಳ ತೆಗೆಯುತ್ತಾರೆ. ಈ ಗಡಿಬಿಡಿಯಲ್ಲಿಯೂ ಇವರ ಬಸ್ಸಿನಲ್ಲಿ ಕೂತವರಿಗೆ ಎತ್ತಿ ಹಾಕಿದ ಹಾಗೆ ಆಗುತ್ತಿರಲಿಲ್ಲ. ಹೆರಿಗೆಗೆ ಹೊರಟ ಹೆಂಗಸರನ್ನು ಮನೆಯವರು ಇವರ ಬಸ್ಸು ಬರುವವರೆಗೆ ಕಾದು ಹತ್ತಿಸಿದ್ದುಂಟು. ಚಪ್ಪಲಿ ಯಾಕೆ ಹಾಕುವುದಿಲ್ಲ ಎಂದು ಕೇಳಿದರೆ, "ಬ್ರೇಕು ಎಲ್ಲಿ ಹಿಡಿಯುತ್ತದೆ ಅಂತ ಕಾಲಿಗೆ ಗೊತ್ತಾಗಬೇಕಲ್ವಾ? ಚಪ್ಪಲಿಗೆ ಗೊತ್ತಾಗಿ ಎಂತ ಪ್ರಯೋಜನ?" ಎನ್ನುತ್ತಿದ್ದರು.

ಉಗುರು ಹಳದಿಯಾಗಿದ್ದು ಮಾತ್ರವಲ್ಲ, ದಪ್ಪವಾಯಿತು. ಆಮೇಲೆ ತುದಿಯಿಂದ ಹಿಟ್ಟಿನ ಹಾಗೆ ಉದುರತೊಡಗಿತು. ಹಾಸಿಗೆಯ ಬಟ್ಟೆಗೆ ಸಿಕ್ಕಿ ನೂಲು ಎಳೆಯುತ್ತಿತ್ತು. ಒಮ್ಮೆ ಮೂಲೆಯಲ್ಲಿ ಮಾಂಸಕ್ಕೆ ಚುಚ್ಚಿ ಕೀವಾಯಿತು. ಇವರಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿದೆ. ಹಿರಿಯಡ್ಕದಲ್ಲಿ ನಾವು ತೋರಿಸುವ ಡಾಕ್ಟರು ಆ ಕಾಲನ್ನು ನೋಡಿ, "ಶುಗರ್ ಇರುವವರು ಇದನ್ನು ಹೀಗೆ ಬಿಡಬಾರದು. ಇದು ಫಂಗಸ್ ಇರಬೇಕು. ಉಗುರಿನ ಸಂದಿಯಿಂದ ಒಳಗೆ ಎಂತಾದರೂ ಹೋದರೆ ಕಾಲಿಗೇ ಬರ್ತದೆ," ಎಂದು ಮುಲಾಮು ಕೊಟ್ಟರು. ಟ್ಯೂಬು ಮುಗಿಯಿತು, ಉಗುರು ಹಾಗೆಯೇ ಉಳಿಯಿತು. ಕೊನೆಗೆ ಮಣಿಪಾಲದಲ್ಲಿ ಚರ್ಮದ ಡಾಕ್ಟರನ್ನು ನೋಡಲು ಹೇಳಿದರು.

ಇವರು ಒಪ್ಪಲಿಲ್ಲ. "ಒಂದು ಉಗುರಿಗೆ ಮಣಿಪಾಲವಾ? ಜನ ನಗ್ತಾರೆ ಮಾರಾಯ್ತಿ." ಮಗಳು ಫೋನಿನಲ್ಲಿ ಗದರಿದ ಮೇಲೆ, ವಾರದ ರಜೆಯ ದಿನ ಹೊರಟರು.

ಡಾಕ್ಟರು ನನ್ನ ಮಗಳ ಪ್ರಾಯದ ಹೆಂಗಸು. ಉಗುರಿನ ಚೂರುಗಳನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ರಕ್ತ ಪರೀಕ್ಷೆಯೂ ಆಯಿತು. ಇನ್ನೊಂದು ರಜೆಯ ದಿನ ಹೋದಾಗ ಕೂರಿಸಿ ವಿವರಿಸಿದರು. ಫಂಗಸ್ ಹೌದು. ಮಾತ್ರೆ ಕೊಡಬಹುದಿತ್ತು, ಆದರೆ ಇವರಿಗೆ ಹಿಂದೆ ಕಾಮಾಲೆ ಜೋರಾಗಿ ಬಂದು ಹೋಗಿತ್ತು, ಲಿವರಿನ ರಿಪೋರ್ಟು ಈಗಲೂ ಸರಿ ಇರಲಿಲ್ಲ. ಮಾತ್ರೆ ಅಪಾಯ.

"ಲೇಸರ್ ಮಾಡುವ," ಎಂದರು ಡಾಕ್ಟರು. "ಜೊತೆಗೆ ಉಗುರಿಗೆ ಹಚ್ಚುವ ಔಷಧ. ಎರಡೂ ಒಟ್ಟಿಗೆ ಆಗಬೇಕು. ಬರೀ ಔಷಧ ಇಷ್ಟು ದಪ್ಪ ಉಗುರಿನೊಳಗೆ ಇಳಿಯುವುದಿಲ್ಲ. ಬರೀ ಲೇಸರ್ ಮಾಡಿ ಬಿಟ್ಟರೆ ತಿರುಗಿ ಬರುವ ಸಾಧ್ಯತೆ ಜಾಸ್ತಿ."

"ಎಷ್ಟು ಸಮಯ ಬೇಕು ಡಾಕ್ಟ್ರೇ?" ಎಂದು ನಾನು ಕೇಳಿದೆ.

"ಹಾಳಾದ ಉಗುರು ಸರಿಯಾಗುವುದಲ್ಲ ಅಮ್ಮ. ಬುಡದಿಂದ ಹೊಸ ಉಗುರು ಬಂದು ಹಳೆಯದನ್ನು ಮುಂದೆ ತಳ್ಳಬೇಕು. ಕಾಲಿನ ಉಗುರು ಬಹಳ ನಿಧಾನ. ವರ್ಷ ಹಿಡಿಯಬಹುದು, ಜಾಸ್ತಿಯೂ ಆಗಬಹುದು. ಪೂರ್ತಿ ಹೋಗ್ತದೆ ಅಂತ ನಾನು ಮಾತು ಕೊಡುವುದಿಲ್ಲ."

ಮಾತು ಕೊಡುವುದಿಲ್ಲ ಎಂದದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಆಮೇಲೆ ಅವರು ಇವರ ಕಡೆ ತಿರುಗಿ, "ಕಾಲಿಗೆ ಜೋಮು ಹಿಡಿಯುವುದು, ಉರಿ, ಸ್ಪರ್ಶ ಗೊತ್ತಾಗದೆ ಇರುವುದು, ಹಾಗೆ ಎಂತಾದರೂ ಉಂಟಾ?" ಎಂದು ಕೇಳಿದರು.

"ಎಂತ ಇಲ್ಲ ಡಾಕ್ಟ್ರೇ. ನಾನು ದಿನವಿಡೀ ಬಸ್ಸಲ್ಲಿ ಕೆಲಸ ಮಾಡುವವ."

ಡಾಕ್ಟರು ಹತ್ತಿಯ ಎಳೆಯೊಂದನ್ನು ಪಾದದ ಮೇಲೆ ಆಡಿಸಿದರು. ಇವರು ಬಗ್ಗಿ ನೋಡುತ್ತಲೇ, "ಹಾಂ, ಗೊತ್ತಾಗ್ತದೆ," ಎಂದರು. ಹೊರಗೆ ಬಹಳ ಜನ ಕಾಯುತ್ತಿದ್ದರು. ಅಲ್ಲಿಗೆ ಆ ಮಾತು ಮುಗಿಯಿತು.

ಮೊದಲ ಸಲದ ಲೇಸರ್ ನನಗೆ ಚೆನ್ನಾಗಿ ನೆನಪಿದೆ. ಕೋಣೆಯಲ್ಲಿದ್ದ ಎಲ್ಲರಿಗೂ ಹಸಿರು ಗಾಜಿನ ಕನ್ನಡಕ ಕೊಟ್ಟರು, ನನಗೂ. ಮೊದಲು ಸಣ್ಣ ಯಂತ್ರದಲ್ಲಿ ಉಗುರನ್ನು ಉಜ್ಜಿ ತೆಳ್ಳಗೆ ಮಾಡಿದರು. ಬಿಳಿ ಹುಡಿ ಹಾರಿತು. ಆಮೇಲೆ ಲೇಸರ್ ನಡೆಸುವ ಹುಡುಗಿ ಪೆನ್ನಿನಂಥ ಒಂದು ವಸ್ತುವನ್ನು ಹಿಡಿದು ಉಗುರಿನ ಉದ್ದಕ್ಕೂ ಅಗಲಕ್ಕೂ ಗೆರೆ ಎಳೆದ ಹಾಗೆ ಓಡಿಸಿದಳು. ಟಕ್ ಟಕ್ ಎಂಬ ಸದ್ದು. ಕೂದಲು ಸುಟ್ಟ ಹಾಗೆ ವಾಸನೆ.

"ಬಿಸಿಯಾದರೆ ಹೇಳಿ ಅಂಕಲ್. ಕೂಡಲೇ ಹೇಳಬೇಕು," ಎಂದಿದ್ದಳು ಹುಡುಗಿ.

ಸ್ವಲ್ಪ ಹೊತ್ತಾದ ಮೇಲೆ, ಹುಡುಗಿಯ ಕೈಯನ್ನೇ ನೋಡುತ್ತಿದ್ದ ಇವರು, "ಹಾಂ, ಈಗ ಬಿಸಿ," ಎಂದರು. ಅವಳು ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಪುನಃ ಶುರುಮಾಡಿದಳು. ಎಲ್ಲ ಸುಸೂತ್ರವಾಗಿ ಆಯಿತು. ಬರುವಾಗ ಹೋಟೆಲಿನಲ್ಲಿ ಬನ್ಸ್ ತಿಂದು ಚಾ ಕುಡಿದೆವು. ಇವರು ನಗುತ್ತಾ ಇದ್ದರು.

ಮನೆಯಲ್ಲಿ ಔಷಧ ಹಚ್ಚುವ ಕೆಲಸ ನನ್ನದು. ಅದು ನೇಲ್ ಪಾಲಿಶಿನ ಹಾಗೆಯೇ ಸಣ್ಣ ಬಾಟಲಿ, ಮುಚ್ಚಳದಲ್ಲೇ ಕುಂಚ. ಸಂಜೆ ಇವರು ಸ್ನಾನ ಮಾಡಿ ಬಂದ ಮೇಲೆ ಕಾಲನ್ನು ಒರೆಸಿ, ಬೆರಳುಗಳ ಸಂದಿಯನ್ನೂ ಒಣಗಿಸಿ, ಜಗಲಿಯಲ್ಲಿ ಕೂತು ಹಚ್ಚುತ್ತಿದ್ದೆ. ನೆರೆಮನೆಯ ಹೆಂಗಸು ಗೇಟಿನ ಹೊರಗಿನಿಂದ ನೋಡಿ, "ಎಂತ ಅಕ್ಕ, ಭಾವನಿಗೆ ನೇಲ್ ಪಾಲಿಶ್ ಹಾಕ್ತಿದ್ದೀರಾ? ಬಣ್ಣ ಕೆಂಪಾ?" ಎಂದು ಕೇಳಿ ಊರಿಗೆಲ್ಲ ಸುದ್ದಿ ಮಾಡಿದಳು. ಇವರ ಬಸ್ಸಿನ ಕಂಡಕ್ಟರಿಗೂ ಗೊತ್ತಾಗಿ ಬಸ್ಸಿನಲ್ಲಿ ನಗೆಯೋ ನಗೆ. ಇವರೂ ನಗುತ್ತಿದ್ದರು. ನಾನು ಕಾಲನ್ನು ಮಡಿಲಲ್ಲಿ ಇಟ್ಟುಕೊಂಡು ಹಚ್ಚುವಾಗ ಇವರಿಗೆ ಕಚಗುಳಿ ಆಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಪಾದ ಮುಟ್ಟಿದರೆ ಕೂಗಿ ಎದ್ದು ಓಡುತ್ತಿದ್ದವರು. ಪ್ರಾಯವಾದ ಮೇಲೆ ಎಲ್ಲರಿಗೂ ಹೀಗೆಯೇ ಇರಬೇಕು ಎಂದುಕೊಂಡೆ.

ತಿಂಗಳು ಕಳೆದು ಎರಡನೆಯ ಸಲ ಹೋದೆವು. ಅದೇ ಕೋಣೆ, ಅದೇ ಹುಡುಗಿ, ಅದೇ ಹಸಿರು ಕನ್ನಡಕ. ಆ ದಿನ ಇವರು ಬೆಳಗಿನ ಎರಡು ಟ್ರಿಪ್ ಮುಗಿಸಿ ಬಂದಿದ್ದರು, ಬಹಳ ದಣಿದಿದ್ದರು. ಮಲಗಿಸಿದ ಕೂಡಲೇ ಕಣ್ಣು ಮುಚ್ಚಿಕೊಂಡರು. ಹುಡುಗಿ ಹಿಂದಿನ ಹಾಗೆಯೇ, "ಬಿಸಿಯಾದರೆ ಹೇಳಿ ಅಂಕಲ್," ಎಂದಳು. ಇವರು ಹೂಂ ಎಂದರು. ಲೇಸರ್ ಶುರುವಾಯಿತು. ಟಕ್ ಟಕ್. ವಾಸನೆ ಬಂತು. ಅವಳು ಎರಡು ಸಲ ನಿಲ್ಲಿಸಿ ನೋಡಿದಳು, ಪುನಃ ಮುಂದುವರಿಸಿದಳು. ಇವರಿಂದ ಮಾತಿಲ್ಲ. ನಿದ್ದೆ ಬಂದಿರಬೇಕು ಎಂದು ನಾನು ಅಂದುಕೊಂಡೆ. ಆಗ ಹುಡುಗಿ ಕೈ ಹಿಂದೆ ತೆಗೆದು, ಕಾಲಿನ ಹತ್ತಿರ ಮುಖ ತಂದು, "ಅಂಕಲ್, ನಿಮಗೆ ಬಿಸಿ ಆಗ್ಲಿಲ್ವಾ?" ಎಂದಳು. ದನಿ ಬದಲಾಗಿತ್ತು.

ಇವರು ಕಣ್ಣು ಬಿಟ್ಟು ಅವಳ ಮುಖ ನೋಡಿ, "ಆಗ್ತಾ ಉಂಟು, ಆಗ್ತಾ ಉಂಟು," ಎಂದರು.

ಉಗುರಿನ ಬುಡದ ಚರ್ಮ ಬೆಳ್ಳಗಾಗಿ ಸಣ್ಣದೊಂದು ಬೊಕ್ಕೆ ಏಳುತ್ತಿತ್ತು. ಹುಡುಗಿ ಯಂತ್ರ ಆರಿಸಿ ಹೊರಗೆ ಓಡಿದಳು. ಡಾಕ್ಟರು ಬಂದರು. ಒದ್ದೆ ಬಟ್ಟೆ ಇಟ್ಟು ತಣ್ಣಗೆ ಮಾಡಿ, ಬೊಕ್ಕೆ ದೊಡ್ಡದಲ್ಲ, ಹೆದರುವುದು ಬೇಡ ಎಂದು ನನಗೆ ಹೇಳಿದರು. ಆಮೇಲೆ ಮೇಜಿನಿಂದ ಒಂದು ಕಡ್ಡಿ ತಂದರು. ಅದರ ತುದಿಯಲ್ಲಿ ಗಾಳದ ದಾರದಂಥ ಒಂದು ಎಳೆ ಇತ್ತು.

"ಕಣ್ಣು ಮುಚ್ಚಿ. ಸರಿಯಾಗಿ ಮುಚ್ಚಬೇಕು. ಮುಟ್ಟಿದ್ದು ಗೊತ್ತಾದಾಗ ಹಾಂ ಅನ್ನಿ."

ನಾನು ಕಾಲಿನ ಕಡೆ ನಿಂತಿದ್ದೆ. ಡಾಕ್ಟರು ಹೆಬ್ಬೆರಳಿನ ಅಡಿಗೆ ಎಳೆಯನ್ನು ಒತ್ತಿದರು. ಅದು ಬಾಗಿತು. ಇವರು ಸುಮ್ಮನೆ ಮಲಗಿದ್ದರು. ಪಾದದ ಮಧ್ಯಕ್ಕೆ ಒತ್ತಿದರು. ಮಾತಿಲ್ಲ. ಹಿಮ್ಮಡಿಗೆ ಒತ್ತಿದರು, ಆಗಲೂ ಇಲ್ಲ. ಆಮೇಲೆ ಡಾಕ್ಟರು ಕೈ ಹಿಂದೆ ತೆಗೆದುಕೊಂಡು ಸುಮ್ಮನೆ ನಿಂತರು. ಕಾಲನ್ನು ಯಾರೂ ಮುಟ್ಟುತ್ತಿರಲಿಲ್ಲ.

"ಹಾಂ," ಎಂದರು ಇವರು. "ಈಗ ಗೊತ್ತಾಯ್ತು. ಈಗ ಮುಟ್ಟಿದ್ರಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಕಣ್ಣು ಮುಚ್ಚಿ ಮಲಗಿದ ಆ ದೊಡ್ಡ ದೇಹ, ಪರೀಕ್ಷೆಯಲ್ಲಿ ಪಾಸಾಗಬೇಕೆಂದು ಊಹೆ ಮಾಡಿ ಉತ್ತರ ಹೇಳುವ ಮಗುವಿನ ಹಾಗೆ ಹಾಂ ಹಾಂ ಎನ್ನುತ್ತಿತ್ತು.

ಎಡಗಾಲಿನಲ್ಲಿ ಅಲ್ಲಲ್ಲಿ ಸ್ವಲ್ಪ ಗೊತ್ತಾಗುತ್ತಿತ್ತು. ಬಲಗಾಲಿನಲ್ಲಿ ಪಾದದ ಅಡಿಯಲ್ಲಿ ಏನೂ ಇಲ್ಲ.

ಡಾಕ್ಟರು ಕುರ್ಚಿ ಎಳೆದು ಹತ್ತಿರ ಕೂತರು. "ಮೊದಲ ದಿನವೇ ನಾನು ಇದನ್ನು ಸರಿಯಾಗಿ ನೋಡಬೇಕಿತ್ತು," ಎಂದರು. "ಶುಗರಿನಿಂದ ನರ ಹಾಳಾಗಿದೆ. ಉಗುರಿನದ್ದು ಸಣ್ಣ ವಿಷಯ, ಇದು ದೊಡ್ಡದು. ಕಾಲಿಗೆ ಮುಳ್ಳು ಚುಚ್ಚಿದರೂ ನಿಮಗೆ ಗೊತ್ತಾಗುವುದಿಲ್ಲ. ಇನ್ನು ಬರಿಗಾಲಲ್ಲಿ ಒಂದು ಹೆಜ್ಜೆಯೂ ನಡೆಯಬಾರದು." ಆಮೇಲೆ ಏನೋ ನೆನಪಾದವರ ಹಾಗೆ, "ನೀವು ಬಸ್ಸಲ್ಲಿ ಕಂಡಕ್ಟರ್ ಅಲ್ವಾ? ನಿಂತು ನಿಂತು ಕೆಲಸ..." ಎಂದರು.

"ಅಲ್ಲ. ಡ್ರೈವರ್."

ಹುಡುಗಿ ಕನ್ನಡಕಗಳನ್ನು ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು.

"ಈ ಕಾಲಲ್ಲಿ ನೀವು ಬಸ್ ಓಡಿಸಬಾರದು," ಎಂದರು ಡಾಕ್ಟರು, ಮೆಲ್ಲಗೆ.

"ನಾನು ಕಾಲಲ್ಲಿ ಓಡಿಸುವುದಲ್ಲ ಡಾಕ್ಟ್ರೇ," ಎಂದರು ಇವರು. "ಅಭ್ಯಾಸದಲ್ಲಿ ಓಡಿಸುವುದು."

ಮಣಿಪಾಲದಿಂದ ತಿರುಗಿ ಬರುವ ಬಸ್ಸಿನಲ್ಲಿ ಕಂಡಕ್ಟರ್ ಇವರ ಗುರುತು ಹಿಡಿದು ಎದುರಿನ ಸೀಟು ಬಿಡಿಸಿ ಕೊಟ್ಟ. ಪರ್ಕಳದ ಇಳಿಜಾರಿನಲ್ಲಿ ಇವರು ಡ್ರೈವರಿನ ಕಾಲನ್ನೇ ನೋಡುತ್ತಿದ್ದರು. ನಾನು ಕೇಳುವ ಮೊದಲೇ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು.

"ಒಂದು ವರ್ಷದ ಮೇಲಾಯ್ತು. ಸುರುವಿಗೆ ಪಾದದ ಅಡಿಯಲ್ಲಿ ಕಡಲ ಬದಿಯ ಹೊಯಿಗೆ ಅಂಟಿದ ಹಾಗೆ ಆಗ್ತಿತ್ತು. ನಾನು ಒರೆಸಿ ಒರೆಸಿ ನೋಡ್ತಿದ್ದೆ. ಎಂತ ಇಲ್ಲ. ಆಮೇಲೆ ಹತ್ತಿಯ ಮೇಲೆ ನಡೆದ ಹಾಗೆ."

"ಮತ್ತೆ ಡಾಕ್ಟರು ಕೇಳಿದಾಗ ಯಾಕೆ ಹೇಳಲಿಲ್ಲ?"

"ಹೇಳಿದರೆ ಎಂತ ಹೇಳ್ತಾರೆ ಅಂತ ಗೊತ್ತಿತ್ತಲ್ವಾ."

ನನಗೆ ಆಗ ಕಾಪುವಿನ ಬೀಚು ನೆನಪಾಯಿತು. ಆ ವರ್ಷದ ಬೇಸಿಗೆಯಲ್ಲಿ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗಳು ಹಟ ಮಾಡಿದಳೆಂದು ಮಧ್ಯಾಹ್ನವೇ ಲೈಟ್ ಹೌಸಿನ ಬದಿಗೆ ಹೋಗಿದ್ದೆವು. ನೀರಿನವರೆಗೆ ಹೋಗುವಷ್ಟರಲ್ಲಿ ಹೊಯಿಗೆ ಕಾದ ಬಾಣಲೆಯ ಹಾಗಿತ್ತು. ನಾನೂ ಮಗಳೂ ಅಳಿಯನೂ ಕುಣಿಯುತ್ತಾ ಓಡಿದೆವು. ಇವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಮೊಮ್ಮಗಳನ್ನು ಹೆಗಲಲ್ಲಿ ಕೂರಿಸಿಕೊಂಡು ಸಾವಕಾಶವಾಗಿ ನಡೆದು ಬಂದರು. "ನೋಡಿ, ಅಜ್ಜನಿಗೆ ಬಿಸಿಯೇ ಇಲ್ಲ!" ಎಂದು ಮಗು ಚಪ್ಪಾಳೆ ತಟ್ಟಿತು. ನಾವೆಲ್ಲ ನಕ್ಕಿದ್ದೆವು. ಇವರೂ ನಕ್ಕಿದ್ದರು.

ಮರುದಿನ ಬೆಳಿಗ್ಗೆ ಇವರು ಎಂದಿನಂತೆ ಕೆಲಸಕ್ಕೆ ಹೊರಟರು. ಬಾಗಿಲಿಗೆ ಅಡ್ಡ ನಿಂತೆ. ನಮ್ಮ ಮನೆಯಲ್ಲಿ ಜೋರಾಗಿ ಮಾತಾಡುವ ಅಭ್ಯಾಸ ಯಾರಿಗೂ ಇರಲಿಲ್ಲ. ಆ ದಿನ ಆಯಿತು.

"ನಮ್ಮ ಅಂಗನವಾಡಿ ಮಕ್ಕಳ ತಾಯಂದಿರು ನಿಮ್ಮ ಬಸ್ಸಲ್ಲೇ ಹೋಗುವುದು," ಎಂದೆ. "ಅವರಿಗೆಲ್ಲ ನಾನು ಹೇಗೆ ಮುಖ ತೋರಿಸುವುದು?"

"ಇಷ್ಟು ವರ್ಷದಲ್ಲಿ ಒಂದು ಕೋಳಿಯ ಮೇಲೆ ಬಸ್ ಹತ್ತಿಸಿದ್ದೇನಾ ನಾನು? ಹೇಳು."

"ಅದು ಕಾಲಿಗೆ ಗೊತ್ತಾಗುವಾಗ."

"ಬಸ್ ಬಿಟ್ಟರೆ ನನಗೆ ಬೇರೆ ಎಂತ ಬರ್ತದೆ? ಅದನ್ನು ಹೇಳು ನೀನು."

"ನೀವು ಬಸ್ಸಿನ ಧಣಿಗಳಿಗೆ ಹೇಳದಿದ್ದರೆ ನಾನು ಹೋಗಿ ಹೇಳ್ತೇನೆ," ಎಂದೆ. ಇವರು ನನ್ನನ್ನು ಬದಿಗೆ ಸರಿಸಿ ಹೊರಟು ಹೋದರು. ಆಮೇಲೆ ನಮ್ಮೊಳಗೆ ಮಾತು ನಿಂತಿತು. ಸಂಜೆ ಜಗಲಿಯಲ್ಲಿ ಕೂತು ಕಾಲು ಮುಂದೆ ಚಾಚುತ್ತಿದ್ದರು, ನಾನು ಬೊಕ್ಕೆಗೆ ಮುಲಾಮು ಹಚ್ಚಿ, ಉಗುರಿಗೆ ಔಷಧ ಹಚ್ಚಿ ಏಳುತ್ತಿದ್ದೆ. ಅಷ್ಟೇ. ಆ ವಾರದ ರಜೆಗೆ ಧಣಿಗಳ ಮನೆಗೆ ಹೋಗಬೇಕೆಂದು ನಾನು ನಿಶ್ಚಯ ಮಾಡಿದ್ದೆ. ಅಷ್ಟರವರೆಗೆ ಕಾಯಬೇಕಾಗಿ ಬರಲಿಲ್ಲ.

ಮಳೆಗಾಲದ ಮೊದಲ ಮಳೆ ಬಿದ್ದ ದಿನ. ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತೆಂದು ತಲೆ ಎತ್ತಿದರೆ ಇವರು. ಖಾಕಿ ಅಂಗಿ ಪೂರಾ ಒದ್ದೆ. ಆ ಹೊತ್ತಿಗೆ ಇವರು ಕಾರ್ಕಳದಲ್ಲಿ ಇರಬೇಕಾದವರು. ಒಳಗೆ ಬಂದು, ಮಕ್ಕಳ ಚಾಪೆಯ ತುದಿಯಲ್ಲಿ ಗೋಡೆಗೆ ಒರಗಿ ಕೂತರು.

"ಎಂತಾಯ್ತು?" ಎಂದೆ.

"ನಿಲ್ಲಲಿಲ್ಲ," ಎಂದರು.

ಏನು ನಿಲ್ಲಲಿಲ್ಲ ಎಂದು ನಾನು ಕೇಳಲಿಲ್ಲ. ಕೈಯಲ್ಲಿ ಸಾಂಬಾರಿನ ಸೌಟು ಹಾಗೆಯೇ ಇತ್ತು. ಆಗ ಎದುರಿನ ಸಾಲಿನಲ್ಲಿ ಕೂತಿದ್ದ ಒಂದು ಸಣ್ಣ ಹುಡುಗಿ, "ಟೀಚರ್, ಅಜ್ಜನ ಕಾಲಲ್ಲಿ ರಕ್ತ," ಎಂದಳು.

ಬಾಗಿಲಿನಿಂದ ಚಾಪೆಯವರೆಗೆ ಸಿಮೆಂಟಿನ ನೆಲದಲ್ಲಿ ಕೆಂಪು ಹೆಜ್ಜೆಗಳಿದ್ದವು. ಬಲಗಾಲಿನದ್ದು ಮಾತ್ರ. ಚಪ್ಪಲಿ ಬಸ್ಸಿನಲ್ಲೇ ಉಳಿದಿತ್ತು. ಪೇಟೆಯಿಂದ ಜಲ್ಲಿ ಹಾಕಿದ ದಾರಿಯಲ್ಲಿ ಬರಿಗಾಲಿನಲ್ಲಿ ನಡೆದು ಬಂದಿದ್ದರು. ಹಿಮ್ಮಡಿಯ ಹತ್ತಿರ ಗಾಜಿನ ಚೂರು ಹೊಕ್ಕು ಸೀಳಿತ್ತು. ಇವರು ಮಗುವಿನ ಮಾತು ಕೇಳಿ, ಕಾಲನ್ನು ಎತ್ತಿ ತಿರುಗಿಸಿ, ಬೇರೆಯವರ ಕಾಲನ್ನು ನೋಡಿದ ಹಾಗೆ ನೋಡಿದರು. ಆಮೇಲೆ ಮುಖ ಮುಚ್ಚಿಕೊಂಡರು. ಮಕ್ಕಳು ಊಟ ಬಿಟ್ಟು ನೋಡುತ್ತಿದ್ದರು. ನನ್ನ ಗಂಡ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಬಸ್ಸಿನಲ್ಲಿ ಏನಾಯಿತೆಂದು ಸಂಜೆ ಕಂಡಕ್ಟರ್ ಮನೆಗೆ ಬಂದು ಹೇಳಿದ. ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದಿದ್ದ. ಹಿರಿಯಡ್ಕದ ಸ್ಟಾಪಿನಲ್ಲಿ ನಿಲ್ಲಿಸಲು ಇವರು ಬ್ರೇಕು ಒತ್ತಿದ್ದರು. ಒತ್ತಿದ್ದೇನೆ ಎಂದೇ ಇವರ ನಂಬಿಕೆ. ಒದ್ದೆ ಕಾಲು ಪೆಡಲಿನ ಅಂಚಿನಿಂದ ಜಾರಿ ಬದಿಯ ಕಬ್ಬಿಣದ ಮೇಲೆ ಕೂತಿತ್ತು. ಅದು ಕಾಲಿಗೆ ಗೊತ್ತಾಗಲಿಲ್ಲ. ಕೊಡೆ ಹಿಡಿದ ಹೆಂಗಸೊಬ್ಬಳು ಬಸ್ಸು ನಿಲ್ಲುತ್ತದೆಂದು ರಸ್ತೆಗೆ ಇಳಿದಿದ್ದಳು. ಬಸ್ಸು ಅವಳ ಕೊಡೆಗೆ ತಾಗಿ ಮುಂದೆ ಹೋಯಿತು. ಇವರು ಹ್ಯಾಂಡ್ ಬ್ರೇಕ್ ಎಳೆದರು. ನಿಂತದ್ದು ಒಂದು ಖಾಲಿ ರಿಕ್ಷಾದ ಹಿಂಬದಿಗೆ ತಾಗಿ.

"ಯಾರಿಗೂ ಎಂತ ಆಗ್ಲಿಲ್ಲ ಅಕ್ಕ," ಎಂದ ಕಂಡಕ್ಟರ್. "ಕೊಡೆ ಮುರಿದದ್ದು ಅಷ್ಟೇ. ಜನ ಸ್ವಲ್ಪ ಬೊಬ್ಬೆ ಹಾಕಿದರು, ಮಳೆಗೆ ಜಾರಿತು ಅಂತ ಸುಮ್ಮನಾದರು. ನಾನು, ಅಣ್ಣ ಟೈಮಾಯ್ತು, ಹೋಗುವ ಅಂದೆ. ಹಿಂದಿನ ಬಸ್ಸಿನವ ಹಾರ್ನ್ ಹಾಕ್ತಿದ್ದ. ಅಣ್ಣ ಬೀಗದ ಕೈ ತೆಗೆದು ನನ್ನ ಕೈಯಲ್ಲಿ ಇಟ್ಟು, ಬೇರೆ ಯಾರನ್ನಾದರೂ ಕರೆಸು ಅಂತ ಹೇಳಿ ಇಳಿದರು. ನಾನು ಕರೆದದ್ದು ಕೇಳಲೇ ಇಲ್ಲ."

ಒಳಗಿನ ಕೋಣೆಯಲ್ಲಿ ಮಲಗಿದ್ದ ಇವರು ಇದನ್ನೆಲ್ಲ ಕೇಳಿಸಿಕೊಂಡಿರಬೇಕು. ಹೊರಗೆ ಬರಲಿಲ್ಲ.

ಗಾಜು ಹೊಕ್ಕ ಗಾಯ ಮಳೆಗಾಲವಿಡೀ ಒಣಗಲಿಲ್ಲ. ಒಮ್ಮೆ ಕೀವಾಗಿ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು. ಕಾಲು ಉಳಿಯುತ್ತದೋ ಇಲ್ಲವೋ ಎಂದು ನಾನೂ ಮಗಳೂ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಯೋಚಿಸಿದ ದಿನಗಳೂ ಇದ್ದವು. ನೋವು ಗೊತ್ತಾಗದ ಕಾಲನ್ನು ನೋಡಿಕೊಳ್ಳುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಕಟ್ಟು ಬಿಗಿಯಾಗಿದೆಯೇ, ಸಡಿಲವಾಗಿದೆಯೇ ಎಂದು ಇವರನ್ನು ಕೇಳಿ ಪ್ರಯೋಜನವಿಲ್ಲ. ನೋವೇ ಇಲ್ಲದ ಮನುಷ್ಯನನ್ನು ರೋಗಿ ಎಂದು ನಂಬಿಸುವುದೂ ಕಷ್ಟ. ಎದ್ದು ನಡೆದುಬಿಡುತ್ತಿದ್ದರು.

ಧಣಿಗಳು ಒಳ್ಳೆಯವರು. ಮನೆಗೇ ಬಂದು ನೋಡಿ ಹೋದರು. ಗಾಯ ವಾಸಿಯಾದ ಮೇಲೆ ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಕೆಲಸ ಕೊಟ್ಟರು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಡಬೇಕು ಎಂದು ನೋಡುವುದು, ತಡ ಮಾಡುವವರನ್ನು ಹೊರಡಿಸುವುದು. ಇವರು ಓಡಿಸುತ್ತಿದ್ದ ಬಸ್ಸಿಗೆ ಈಗ ಬೇರೆ ಡ್ರೈವರ್. ಇವರೇ ಅದರ ಸಮಯ ಹೇಳಬೇಕು. ಮೊದಲ ದಿನ ಸಂಜೆ ಬಂದು ಊಟ ಮಾಡದೆ ಮಲಗಿದರು. ಹೇಗಿತ್ತು ಎಂದು ಕೇಳಿದ್ದಕ್ಕೆ, "ಕ್ಲಚ್ ಸುಡ್ತಾನೆ ಆ ಮಾರಾಯ," ಎಂದರು. ಆಮೇಲೆ ಆ ಬಸ್ಸಿನ ಬಗ್ಗೆ ಮಾತೇ ಆಡಲಿಲ್ಲ. ಕೆಲಸಕ್ಕೆ ಹೋಗುವಾಗಲೂ ಬರುವಾಗಲೂ ಆ ಬಸ್ಸನ್ನು ಬಿಟ್ಟು ಬೇರೆಯದಕ್ಕೆ ಹತ್ತುತ್ತಿದ್ದರು. ಡ್ರೈವರಿನ ಹತ್ತಿರ ಕೂರುತ್ತಿರಲಿಲ್ಲ. ಹಿಂದಿನ ಸೀಟಿಗೆ ಹೋಗಿ ಕೂರುತ್ತಿದ್ದರು ಎಂದು ಬೇರೆ ಬಸ್ಸಿನ ಕಂಡಕ್ಟರ್ ಒಬ್ಬ ಹೇಳಿದ.

ಉಗುರಿನ ಔಷಧವನ್ನು ಮಾತ್ರ ನಾನು ಬಿಡಲಿಲ್ಲ. ಡಾಕ್ಟರು ಗಾಯ ಪೂರ್ತಿ ಒಣಗಿದ ಮೇಲೆ ಲೇಸರನ್ನು ಪುನಃ ಶುರುಮಾಡಿದರು. ಈ ಸಲ ಕಡಿಮೆ ಶಕ್ತಿಯಲ್ಲಿ, ನಡುನಡುವೆ ನಿಲ್ಲಿಸಿ, ಚರ್ಮದ ಬಿಸಿಯನ್ನು ಒಂದು ಯಂತ್ರ ಹಿಡಿದು ನೋಡುತ್ತಾ ಮಾಡಿದರು. ಆ ಹುಡುಗಿ ಇವರನ್ನು ಈಗ ಏನೂ ಕೇಳುತ್ತಿರಲಿಲ್ಲ. ಯಂತ್ರವನ್ನು ನೋಡುತ್ತಿದ್ದಳು, ಅಷ್ಟೇ. ಇವರು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಮೊದಲ ದಿನ ಬನ್ಸ್ ತಿಂದ ಹೋಟೆಲಿಗೆ ಹೋಗುವ ಎಂದರೆ, ಬೇಡ, ಮನೆಗೆ ಹೋಗುವ ಎನ್ನುತ್ತಿದ್ದರು.

ಉಗುರಿನ ಬುಡದಲ್ಲಿ ಮೊದಲು ಅಕ್ಕಿಯ ಕಾಳಿನಷ್ಟು ನಸುಗೆಂಪು ಕಂಡಿತು. ನನಗೆ ನಂಬಿಕೆ ಬರಲಿಲ್ಲ. ಕನ್ನಡಕ ಹಾಕಿ, ಜಗಲಿಯ ಬೆಳಕಿಗೆ ಕಾಲನ್ನು ತಿರುಗಿಸಿ ನೋಡಿದೆ. ಹೌದು, ಒಳ್ಳೆಯ ಉಗುರು. ತಿಂಗಳು ಕಳೆದ ಹಾಗೆ ಅದು ಹಳದಿಯನ್ನು ಮುಂದೆ ತಳ್ಳಿತು. ನಾನು ತುದಿಯನ್ನು ಕತ್ತರಿಸುತ್ತಾ, ಅರದಿಂದ ಉಜ್ಜುತ್ತಾ, ಔಷಧ ಹಚ್ಚುತ್ತಾ ಬಂದೆ. ಇನ್ನೊಂದು ಮಳೆಗಾಲ ಬಂದು ಹೋಯಿತು. ಎಡಬದಿಯ ಮೂಲೆಯಲ್ಲಿ ಒಂದು ಸಣ್ಣ ಹಳದಿ ಗೆರೆ ಉಳಿದದ್ದು ಬಿಟ್ಟರೆ ಉಗುರು ಸರಿಯಾಯಿತು. ಆ ಗೆರೆ ಈಗಲೂ ಇದೆ. ಅದು ಹೋಗಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರು.

ಕಳೆದ ಸಲ ಹೋದಾಗ ಅವರು ಕಂಪ್ಯೂಟರಿನಲ್ಲಿ ಮೊದಲ ದಿನ ತೆಗೆದ ಫೋಟೋವನ್ನೂ ಈಗಿನದ್ದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. "ನೋಡಿ, ಎಷ್ಟು ಚಂದ ಬಂದಿದೆ! ಮನೆಯಲ್ಲಿ ಇಷ್ಟು ಸರಿಯಾಗಿ ಔಷಧ ಹಚ್ಚುವವರು ಕಡಿಮೆ," ಎಂದು ನನ್ನನ್ನು ಹೊಗಳಿದರು. ಇವರು ಬಗ್ಗಿ ಎರಡೂ ಫೋಟೋ ನೋಡಿದರು.

"ಹೊಸ ಉಗುರು ಬಂದ ಹಾಗೆ ನರ ಬರುವುದಿಲ್ಲ ಅಲ್ವಾ ಡಾಕ್ಟ್ರೇ?" ಎಂದು ಕೇಳಿದರು.

ಡಾಕ್ಟರು, "ಇದ್ದಷ್ಟನ್ನು ಉಳಿಸಿಕೊಳ್ಳುವ," ಎಂದರು. "ಶುಗರ್ ಹತೋಟಿಯಲ್ಲಿ ಇಡಿ."

ಇವರು ತಲೆಯಾಡಿಸಿ ಶೂ ಹಾಕಿಕೊಂಡರು. ಒಳಗೆ ಮೆತ್ತನೆಯ ಪದರ ಇರುವ ಶೂ, ಸಕ್ಕರೆ ಕಾಯಿಲೆಯವರಿಗೆಂದೇ ಮಾಡಿದ್ದು. ಹಾಕುವ ಮೊದಲು ಕೈ ಹಾಕಿ, ಒಳಗೆ ಕಲ್ಲೋ ಮುಳ್ಳೋ ಇದೆಯೇ ಎಂದು ತಡವಿ ನೋಡುವ ಅಭ್ಯಾಸ ಈಗ ಆಗಿದೆ.

ಕಾಪುವಿಗೆ ಹೋದರೂ ಇವರು ಬೀಚಿಗೆ ಬರುವುದಿಲ್ಲ. ಮೊಮ್ಮಗಳು ಕರೆದರೆ ಕಾಲು ನೋವು ಎನ್ನುತ್ತಾರೆ. ನಿಜಕ್ಕೂ ಕಾಲು ನೋವಾಗಿದ್ದರೆ ನಾನು ದೇವಸ್ಥಾನಕ್ಕೆ ಹಣ್ಣುಕಾಯಿ ಕೊಡುತ್ತಿದ್ದೆ.

ಈಗ ಸಂಜೆ ಔಷಧ ಹಚ್ಚುವ ಕೆಲಸ ಇಲ್ಲ. ಆದರೆ ಜಗಲಿಯಲ್ಲಿ ಕೂರುವುದು ತಪ್ಪಿಲ್ಲ. ಇವರು ಸ್ನಾನ ಮಾಡಿ ಬಂದು ಎರಡೂ ಕಾಲುಗಳನ್ನು ನನ್ನ ಮಡಿಲಿಗೆ ಚಾಚುತ್ತಾರೆ. ನಾನು ಪಾದದ ಅಡಿ, ಹಿಮ್ಮಡಿ, ಬೆರಳುಗಳ ಸಂದಿ ಎಲ್ಲವನ್ನೂ ನೋಡುತ್ತೇನೆ. ಬಿರುಕು ಉಂಟೋ, ಕೆಂಪಾಗಿದೆಯೋ, ಏನಾದರೂ ಚುಚ್ಚಿದೆಯೋ ಎಂದು. ಇವರು ಆಗ ಮೊಬೈಲ್ ನೋಡುವುದಿಲ್ಲ, ಮಾತಾಡುವುದೂ ಇಲ್ಲ. ನನ್ನ ಮುಖವನ್ನೇ ನೋಡುತ್ತಿರುತ್ತಾರೆ.

"ಎಂತಾದರೂ ಉಂಟಾ?" ಎಂದು ಕೇಳುತ್ತಾರೆ.

"ಇಲ್ಲ," ಎನ್ನುತ್ತೇನೆ.

ಕಳೆದ ವಾರ ಕಿರುಬೆರಳಿನ ಅಡಿಯಲ್ಲಿ ಒಂದು ನೀರುಬೊಕ್ಕೆ ಕಂಡಿತು, ಕಡಲೆಯಷ್ಟು. ಹೊಸ ಶೂ ಉಜ್ಜಿರಬೇಕು. ಹೇಳಿದೆ. ಇವರು ಎದ್ದು ಒಳಗೆ ಹೋಗಿ, ಮರುದಿನಕ್ಕೆ ತೆಗೆದಿಟ್ಟ ಅಂಗಿಯನ್ನು ಮಡಚಿ ಪುನಃ ಕಪಾಟಿನಲ್ಲಿ ಇಟ್ಟರು. ಆಮೇಲೆ ಧಣಿಗಳಿಗೆ ಫೋನ್ ಮಾಡಿ, ಎರಡು ದಿನ ಬರುವುದಿಲ್ಲ, ಕಾಲಿಗೆ ಸ್ವಲ್ಪ ಆಗಿದೆ ಎಂದು ಹೇಳುವುದು ಕೇಳಿಸಿತು. ನಾನು ಹತ್ತಿಯನ್ನೂ ಮುಲಾಮನ್ನೂ ಹುಡುಕುತ್ತಿದ್ದೆ.